ಅಂತರ್ಜಾಲವೂ ಅಹವಾಲಿನ ಹಕ್ಕೂ

ಪ್ರಜಾಪ್ರಭುತ್ವದಲ್ಲಿ ಪೌರನ ಕರ್ತವ್ಯವು ಮತದಾನದೊಡನೆ ಮುಗಿಯತಕ್ಕದ್ದಲ್ಲ. ನಿಯಮವೊಂದು ಕರಡಿನ ರೂಪದಲ್ಲಿರುವಾಗಲೇ ತನ್ನ ಆಕ್ಷೇಪವನ್ನು ಸರಕಾರಕ್ಕೆ ಮುಟ್ಟಿಸುವುದೂ ಅವನ ಹಕ್ಕು. ಈ ಕಾರ್ಯವನ್ನು ಅಂತರ್ಜಾಲವು ಸುಲಭಗೊಳಿಸಿದೆಯೆಂಬುದು ನಿರ್ವಿವಾದ. ಆದರೆ ಯಾರಿಗೆ ಸುಲಭವಾಯಿತು? 2020ರ ಪ್ರಸಂಗವೊಂದು ಇದಕ್ಕೆ ಉತ್ತರ ನೀಡುತ್ತದೆ.

ಗಣಿ, ಅಣೆಕಟ್ಟು, ಕಾರ್ಖಾನೆ ಮೊದಲಾದವುಗಳಿಗೆ ಪರಿಸರ ಅನುಮತಿ ನೀಡುವ ಕ್ರಮವನ್ನು ಬದಲಿಸುವ ಅಧಿಸೂಚನೆಯ ಕರಡನ್ನು ಕೇಂದ್ರ ಸರಕಾರವು ಆ ವರ್ಷದ ಏಪ್ರಿಲ್ 11ರ ರಾಜಪತ್ರದಲ್ಲಿ ಪ್ರಕಟಿಸಿ, 60 ದಿನಗಳೊಳಗೆ ಅಭಿಪ್ರಾಯಗಳನ್ನು ಕೇಳಿತು. ಆಗ ದೇಶವೆಲ್ಲ ಲಾಕ್‌ಡೌನಿನಲ್ಲಿತ್ತು. ಸಭೆ ಸೇರುವಂತಿರಲಿಲ್ಲ, ಇ-ಮೇಲೇ ಮುಖ್ಯ ದಾರಿಯಾಯಿತು. ಹತ್ತು ಲಕ್ಷಕ್ಕೂ ಮಿಕ್ಕ ಅಭಿಪ್ರಾಯಗಳು ಬಂದವು. ಹಿಂದಿನ ಕಾಲದ ಅಂಚೆಯ ಮನವಿಗಳಿಂದ ಇಷ್ಟು ಸ್ವಲ್ಪ ಕಾಲದಲ್ಲಿ ಇದು ಸಾಧ್ಯವಾಗುತ್ತಿರಲಿಲ್ಲ.

ಇನ್ನು ಇದರ ಮತ್ತೊಂದು ಮುಖ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಒಮ್ಮೆಯಾದರೂ ಅಂತರ್ಜಾಲವನ್ನು ಬಳಸಿದವರು ಪಟ್ಟಣದ ಗಂಡಸರಲ್ಲಿ ನೂರಕ್ಕೆ 72.5, ಹಳ್ಳಿಯ ಹೆಂಗಸರಲ್ಲಿ 24.6 ಮಾತ್ರ. ಗಣಿಯ ಧೂಳು ಬೀಳುವುದು ಹಳ್ಳಿಯ ಹೊಲದ ಮೇಲೆ; ಇ-ಮೇಲು ಹೊರಡುವುದು ಹೆಚ್ಚಾಗಿ ಪಟ್ಟಣದಿಂದ.

ಯಂತ್ರವು ಕೈಗೆ ಬಂದರೂ ಭಾಷೆಯ ತಡೆ ಉಳಿಯುತ್ತದೆ. ಕರಡು ಮೊದಲು ಪ್ರಕಟವಾದುದು ಇಂಗ್ಲಿಷ್ ಹಾಗೂ ಹಿಂದಿಗಳಲ್ಲಿ ಮಾತ್ರ. ಅದನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಿಗೆ ಅನುವಾದಿಸಬೇಕೆಂದು ದೆಹಲಿಯ ಉಚ್ಚ ನ್ಯಾಯಾಲಯವು ಜೂನ್ 30ರಂದು ಆಜ್ಞಾಪಿಸಿ, ಅವಧಿಯನ್ನು ಆಗಸ್ಟ್ 11ರವರೆಗೆ ವಿಸ್ತರಿಸಿತು. ಸ್ಥಳೀಯ ಭಾಷೆಗಳಲ್ಲಿ ಸಾಕಷ್ಟು ಪ್ರಚಾರವಾಗಿಲ್ಲವೆಂಬ ಅರ್ಜಿಯ ಮೇಲೆ ಕರ್ನಾಟಕದ ಉಚ್ಚ ನ್ಯಾಯಾಲಯವೂ ಆಗಸ್ಟಿನಲ್ಲಿ ಅಂತಿಮ ಅಧಿಸೂಚನೆಗೆ ತಾತ್ಕಾಲಿಕ ತಡೆ ನೀಡಿತು. ಮುಂಬಯಿಯ ಕನ್ನಡಿಗನು ಇಂಗ್ಲಿಷಿನಲ್ಲಿ ಓದಬಲ್ಲ ಕರಡನ್ನು, ಬಳ್ಳಾರಿಯ ಹಳ್ಳಿಯಲ್ಲಿ ಫೋನು ಹಿಡಿದು ಕುಳಿತ ಅವನ ತಂಗಿ ಓದಲಾರಳು.

ಇಲ್ಲಿ ಹಳೆಯ ಪದ್ಧತಿಯೊಂದನ್ನು ನೆನೆಯಬೇಕು. 2006ರ ಅಧಿಸೂಚನೆಯಂತೆ ಯೋಜನೆಯ ಸ್ಥಳದಲ್ಲಿ ಅಥವಾ ಅದರ ಸಮೀಪದಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ವರದಿಯ ಸಾರಾಂಶವು ಸ್ಥಳೀಯ ಭಾಷೆಯಲ್ಲಿಯೂ ದೊರೆಯಬೇಕು. ಓದುಬಾರದವಳೂ ಅಲ್ಲಿ ಎದ್ದು ನಿಂತು ಮಾತನಾಡಬಲ್ಲಳು. ಈ ಸಭೆಯ ಮುನ್ಸೂಚನೆಯ ಅವಧಿಯನ್ನು 30 ದಿನಗಳಿಂದ 20ಕ್ಕೆ ಇಳಿಸುವ ಸೂಚನೆಯೂ 2020ರ ಕರಡಿನಲ್ಲಿ ಇದ್ದಿತು.

ಆದುದರಿಂದ ಅಂತರ್ಜಾಲವು ಸಭೆಗೆ ನೆರವಾಗಬೇಕೇ ಹೊರತು ಸಭೆಯ ಸ್ಥಾನವನ್ನು ಆಕ್ರಮಿಸಬಾರದು. ಸಂಪರ್ಕ, ತಾಯ್ನುಡಿ, ಸಾಕಷ್ಟು ಕಾಲಾವಕಾಶ: ಈ ಮೂರೂ ಕೂಡಿದಾಗಲೇ ಅಹವಾಲಿನ ಹಕ್ಕು ಎಲ್ಲರದಾಗುತ್ತದೆ.