ಕೊಳಗ ಯಾರ ಕೈಯಲ್ಲಿ?

ಜನ ಮುಂದೆ ನಡೆಯಬೇಕೆ, ಸರಕಾರ ಮುಂದೆ ನಡೆಯಬೇಕೆ? ಪ್ರಜಾಪ್ರಭುತ್ವದಷ್ಟೇ ಹಳೆಯದಾದ ಈ ಪ್ರಶ್ನೆ ಸ್ವತಂತ್ರ ಭಾರತದಲ್ಲಿ ತೀವ್ರವಾಗಿ ಎದ್ದುದು ಭೂಮಿಯ ವಿಷಯದಲ್ಲಿ. 1951ರ ಏಪ್ರಿಲ್ ತಿಂಗಳಿನಲ್ಲಿ ಎರಡು ಊರುಗಳು ಅದಕ್ಕೆ ಎರಡು ಬಗೆಯ ಉತ್ತರಗಳನ್ನು ಕೊಟ್ಟವು. ತೆಲಂಗಾಣದ ಪೋಚಂಪಳ್ಳಿ ಒಂದು. ನಮ್ಮ ಮಲೆನಾಡಿನ ಸಾಗರ ತಾಲ್ಲೂಕಿನ ಕಾಗೋಡು ಇನ್ನೊಂದು.

ಪೋಚಂಪಳ್ಳಿಯ ಹರಿಜನರು ವಿನೋಬಾ ಭಾವೆಯವರಲ್ಲಿ 80 ಎಕರೆ ಭೂಮಿ ಬೇಕೆಂದು ಕೇಳಿಕೊಂಡರು. ಊರಿನ ರಾಮಚಂದ್ರ ರೆಡ್ಡಿಯವರು ಎದ್ದು ನಿಂತು 100 ಎಕರೆಯನ್ನು ಕೊಡುವೆನೆಂದರು. ಭೂದಾನ ಚಳವಳಿ ಹುಟ್ಟಿದ್ದು ಹಾಗೆ. ಸರಕಾರದ ದಂಡಶಕ್ತಿಯೂ ಬೇಡ, ಹಿಂಸಾಶಕ್ತಿಯೂ ಬೇಡ. ಇವೆರಡಕ್ಕಿಂತ ಬೇರೆಯಾದ ಲೋಕಶಕ್ತಿಯೊಂದು ಎಚ್ಚರಗೊಳ್ಳಬೇಕು ಎಂಬುದು ವಿನೋಬಾ ಅವರ ನಿಲುವು. 1953ರ ಚಾಂಡಿಲ್ ಸರ್ವೋದಯ ಸಮ್ಮೇಳನದಲ್ಲಿ ಅವರು ಇದನ್ನೇ ವಿಶದವಾಗಿ ಪ್ರತಿಪಾದಿಸಿದರು.

ಕಾಗೋಡಿನ ಒಕ್ಕಲುಗಳು ದಾನವನ್ನು ಬೇಡಲಿಲ್ಲ. ಅಳತೆಯಲ್ಲಿ ನ್ಯಾಯವನ್ನು ಕೇಳಿದರು. ಗದ್ದೆಯನ್ನು ಉಳುತ್ತಿದ್ದವರು ಬಹುಮಟ್ಟಿಗೆ ದೀವರು. ಒಡೆಯರು ಗೇಣಿಯ ಭತ್ತವನ್ನು ಅಳೆದುಕೊಳ್ಳುವಾಗ ಕೊಳಗ ದೊಡ್ಡದು. ವರ್ಷವಿಡೀ ದುಡಿದವನ ಅನ್ನ ಆ ಕೊಳಗದ ಬಾಯಲ್ಲಿ ಕರಗುತ್ತಿತ್ತು. ಎಚ್. ಗಣಪತಿಯಪ್ಪನವರು ರೈತ ಸಂಘವನ್ನು ಕಟ್ಟಿ ಈ ಮೌನವನ್ನು ಮುರಿದರು. ಒಡೆಯರು ಉಳುಮೆಯನ್ನೇ ತಪ್ಪಿಸಿದಾಗ ರೈತರು ನೇಗಿಲು ಹೊತ್ತು ಗದ್ದೆಗಿಳಿದರು, ಸೆರೆಮನೆಗೆ ನಡೆದರು. ಸಮಾಜವಾದಿ ಪಕ್ಷ ಅವರ ಬೆನ್ನಿಗೆ ನಿಂತಿತು. ರಾಮಮನೋಹರ ಲೋಹಿಯಾ ಅವರು ಜೂನ್ ತಿಂಗಳಿನಲ್ಲಿ ಬಂದು ಬಂಧನಕ್ಕೊಳಗಾದರು. ಗುದ್ದಲಿ, ಸೆರೆಮನೆ, ಮತ ಎಂಬ ಮೂರು ಸಾಧನಗಳನ್ನು ಹೇಳಿಕೊಟ್ಟ ಅವರಿಗೆ ಸರಕಾರವು ತೊರೆಯತಕ್ಕ ವಸ್ತುವಲ್ಲ; ಜನ ಹಿಡಿದು ಬಾಗಿಸತಕ್ಕ ವಸ್ತು.

ಸತ್ಯಾಗ್ರಹಕ್ಕೆ ಕೂಡಲೆ ಜಯ ದೊರೆಯಲಿಲ್ಲ. ಆದರೆ 1952ರ ಚುನಾವಣೆಯಲ್ಲಿ ಆ ಸೀಮೆಯ ಜನ ಶಾಂತವೇರಿ ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿದರು. ಗದ್ದೆಯ ಮಾತು ಸಭಾಂಗಣದ ಮಾತಾಯಿತು.

ದಾನದ ದಾರಿಗೂ ಸರಕಾರದ ಹಂಗು ತಪ್ಪಲಿಲ್ಲ. ಕೊಟ್ಟ ಭೂಮಿ ಪಡೆದವನ ಹೆಸರಿಗೆ ಏರಬೇಕಾದರೆ ಕಾಯಿದೆ ಬೇಕಾಯಿತು. ಹಲವು ರಾಜ್ಯಗಳು ಭೂದಾನದ ಶಾಸನಗಳನ್ನೇ ಮಾಡಬೇಕಾಯಿತು. 1957ರ ಸೆಪ್ಟೆಂಬರಿನಲ್ಲಿ ಮೈಸೂರಿನ ಬಳಿಯ ಯಲವಾಲದಲ್ಲಿ ಸೇರಿದ ಗ್ರಾಮದಾನ ಪರಿಷತ್ತಿಗೆ ನೆಹರೂ ಅವರೂ ಬಂದರು, ಕಮ್ಯೂನಿಸ್ಟ್ ನಾಯಕರೂ ಬಂದರು. ಗ್ರಾಮದಾನವನ್ನು ಎಲ್ಲರೂ ಕೊಂಡಾಡಿದರು. ಆದರೂ ದಾನವಾಗಿ ಬಂದ ಭೂಮಿಯಲ್ಲಿ ಬಹುಭಾಗ ಹಂಚಿಕೆಯಾಗದೆ ಉಳಿಯಿತು. ಕೆಲವೆಡೆ ದೊರೆತದ್ದು ಬರಡು ನೆಲ.

ಹಾಗಾದರೆ ಕಾಯಿದೆಯೊಂದೇ ಸಾಕೆ? ಅದೂ ಸಾಲದು. 1961ರಲ್ಲಿ ಆದ ಮೈಸೂರು ಭೂಸುಧಾರಣಾ ಕಾಯಿದೆ ಜಾರಿಗೆ ಬಂದುದು 1965ರಲ್ಲಿ; ಆ ಮೇಲೂ ಉಳುವವನ ಬಾಳು ಹೆಚ್ಚೇನೂ ಬದಲಾಗಲಿಲ್ಲ. ದೇವರಾಜ ಅರಸರ ಕಾಲದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ಗೇಣಿಯ ಭೂಮಿ ಸರಕಾರಕ್ಕೆ ಸೇರಿ, ಉಳುವವನು ಅದರ ಹಕ್ಕನ್ನು ಕೇಳಬಹುದಾಯಿತು. ತಾಲ್ಲೂಕುಗಳಲ್ಲಿ ನ್ಯಾಯಮಂಡಲಿಗಳು ಕುಳಿತವು. ಅಧಿಕಾರಿಯ ಜೊತೆಗೆ ಅಧಿಕಾರಿಗಳಲ್ಲದ ಸದಸ್ಯರಿಗೂ ಅಲ್ಲಿ ಸ್ಥಾನವಿತ್ತು. ವಕೀಲರು ವಾದಿಸುವಂತಿರಲಿಲ್ಲ. ಆದರೆ ಅರ್ಜಿಯನ್ನು ಗೇಣಿದಾರನೇ ಹಾಕಬೇಕಾಗಿತ್ತು. ಒಡೆಯನ ಕಣ್ಣೆದುರು ಆ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಧೈರ್ಯವನ್ನು ಯಾವ ಕಾಯಿದೆ ಕೊಟ್ಟೀತು? ಅದು ಬರಬೇಕಾದದ್ದು ಸಂಘಟನೆಯಿಂದ, ಸೆರೆಮನೆ ಕಂಡು ಬಂದ ನೆರೆಯವನಿಂದ.

ಸರಕಾರ ದೊಡ್ಡದಿರಬೇಕೋ ಚಿಕ್ಕದಿರಬೇಕೋ ಎಂದು ಪಂಡಿತರು ಚರ್ಚಿಸುತ್ತಾರೆ. ಕಾಗೋಡಿನ ರೈತ ಕೇಳಿದ ಪ್ರಶ್ನೆ ಅದಕ್ಕಿಂತ ಹದನಾದುದು: ಕೊಳಗ ಯಾರ ಕೈಯಲ್ಲಿದೆ? ಜನರ ಒತ್ತಾಯವಿಲ್ಲದ ಶಾಸನ ಕಡತದಲ್ಲಿ ಮಲಗುತ್ತದೆ. ಶಾಸನದ ಆಸರೆಯಿಲ್ಲದ ಚಳವಳಿ ಉಳ್ಳವರ ಔದಾರ್ಯವನ್ನು ಕಾಯುತ್ತ ಕೂರಬೇಕಾಗುತ್ತದೆ. 2020ರಲ್ಲಿ ಕರ್ನಾಟಕ ಸರಕಾರ ಅದೇ ಭೂಸುಧಾರಣಾ ಕಾಯಿದೆಯನ್ನು ತಿದ್ದಿ, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ಅವಕಾಶ ಮಾಡಿತು. ರೈತ ಸಂಘಟನೆಗಳು ಬೀದಿಗಿಳಿದವು. ರೈತನಿಗೆ ಹೆಚ್ಚು ಬೆಲೆ ಸಿಕ್ಕೀತೆಂದು ಸಮರ್ಥಿಸಿದವರೂ ಇದ್ದರು. ಯಾರದು ಸರಿಯೆಂಬುದನ್ನು ಓದುಗರೇ ತೂಗಿ ನೋಡಲಿ. ಆದರೆ ತೂಗುವಾಗ ಬಳಸುವ ಅಳತೆ ಇಬ್ಬರಿಗೂ ಒಂದೇ ಆಗಿರಲಿ. ಕಾಗೋಡಿನವರು ಸೆರೆಮನೆಗೆ ಹೋದದ್ದು ಅಷ್ಟಕ್ಕಾಗಿಯೇ.