ಹದಿಮೂರು ವಾರದ ಪತ್ತೇದಾರ

1985ರಲ್ಲಿ ದೂರದರ್ಶನಕ್ಕೆ ಬಂದ ಕರಮ್‌ಚಂದ್‌ನನ್ನು ನೋಡಿದರೆ ಇವನೊಬ್ಬ ಪತ್ತೇದಾರ ಎಂದು ಯಾರೂ ನಂಬುವಂತಿರಲಿಲ್ಲ. ಕಣ್ಣಿಗೆ ಕಪ್ಪು ಕನ್ನಡಕ, ಕೈಯಲ್ಲಿ ಅರ್ಧ ಕಡಿದ ಕ್ಯಾರೆಟ್. ಹೆಣ ಬಿದ್ದ ಮನೆಗೆ ಹೋದರೂ ಅವನ ಬಾಯಿ ಆಡುತ್ತಲೇ ಇರುತ್ತಿತ್ತು. ಇನ್‌ಸ್ಪೆಕ್ಟರ್ ಖಾನ್ ಎದುರು ಚದುರಂಗದ ಮಣೆ ಹಾಸಿ ಕೂತರೆ ಕೊಲೆಯ ವಿಷಯ ಮರೆತೇ ಹೋಗಿದೆಯೇನೋ ಅನ್ನಿಸಬೇಕು, ಹಾಗೆ ಆಡುತ್ತಿದ್ದ. ಕಂತು ಮುಗಿಯುವ ಹೊತ್ತಿಗೆ ಮಾತ್ರ, ಸುಳ್ಳು ಹೇಳಿದವರು ಯಾರು, ಎಲ್ಲಿ ಹೇಳಿದರು, ಯಾಕೆ ಹೇಳಿದರು ಎಂಬುದನ್ನೆಲ್ಲ ಒಂದೇ ಉಸಿರಿಗೆ ಬಿಡಿಸಿಡುತ್ತಿದ್ದ.

ಆ ಪಾತ್ರ ಮಾಡಿದವರು ಪಂಕಜ್ ಕಪೂರ್, ನಿರ್ದೇಶಿಸಿದವರು ಪಂಕಜ್ ಪರಾಶರ್. ರಿಚರ್ಡ್ ಅಟೆನ್‌ಬರೊ ಅವರ ‘ಗಾಂಧಿ’ ಚಿತ್ರ 1982ರಲ್ಲಿ ಬಂದಾಗ ಅದರ ಹಿಂದಿ ಆವೃತ್ತಿಯಲ್ಲಿ ಬೆನ್ ಕಿಂಗ್‌ಸ್ಲಿಯವರ ಗಾಂಧಿಗೆ ಧ್ವನಿ ಕೊಟ್ಟಿದ್ದವರೂ ಇದೇ ಪಂಕಜ್ ಕಪೂರ್. ಮಹಾತ್ಮನ ದನಿಯಾಗಿದ್ದವರು ಮೂರೇ ವರ್ಷಕ್ಕೆ ಇಂಥ ಚೇಷ್ಟೆಗಾರ ಪತ್ತೇದಾರನಾಗಲು ಒಪ್ಪಿದ್ದರಲ್ಲ, ನಟನೊಬ್ಬನ ಧೈರ್ಯ ಎಂದರೆ ಅದು.

ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ರಂದು. ಮರುವರ್ಷವೇ ದೆಹಲಿಯ ರಾಷ್ಟ್ರೀಯ ಕಾರ್ಯಕ್ರಮ ಬಂತು, ಬಣ್ಣವೂ ಬಂತು. 1984ರಿಂದೀಚೆಗೆ ಸಣ್ಣ ಊರುಗಳಲ್ಲೂ ಮರುಪ್ರಸಾರದ ಗೋಪುರಗಳು ಎದ್ದವು. ಕೇರಿಗೊಂದು ಟಿವಿ ಇದ್ದರೆ ಹೆಚ್ಚು ಎನ್ನುವ ಕಾಲ ಅದು. ಗಾಳಿ ಬೀಸಿದರೆ ಆಂಟೆನಾ ತಿರುಗಿ ಹೋಗುತ್ತಿತ್ತು; ಒಬ್ಬ ಮಾಳಿಗೆ ಹತ್ತಿ ತಿರುಗಿಸಬೇಕು, ಇನ್ನೊಬ್ಬ ಕೆಳಗಿನಿಂದ ‘ಬಂತು, ಬಂತು, ಅಯ್ಯೋ ಹೋಯ್ತು’ ಎಂದು ಕೂಗಬೇಕು. ಹಿಂದಿ ಬಾರದ ಮನೆಗಳಲ್ಲೂ ಕರಮ್‌ಚಂದ್ ಅರ್ಥವಾಗುತ್ತಿದ್ದ. ಸುಳ್ಳು ಹೇಳುವ ಮುಖ ಹೇಗಿರುತ್ತದೆ ಎಂದು ತಿಳಿಯಲು ಭಾಷೆ ಬೇಕಿಲ್ಲವಲ್ಲ.

ಅಷ್ಟು ಹೊತ್ತಿಗೆ ಕನ್ನಡದ ಓದುಗರಿಗೆ ಪತ್ತೇದಾರ ಹೊಸಬನೇನೂ ಆಗಿರಲಿಲ್ಲ. ನಾಲ್ಕನೇ ತರಗತಿಯವರೆಗಷ್ಟೇ ಓದಿ, ಹೊಟ್ಟೆಪಾಡಿಗೆ ಬಸ್ ಕಂಡಕ್ಟರ್ ಕೆಲಸವನ್ನೂ ಮಾಡಿದ ಎನ್. ನರಸಿಂಹಯ್ಯ 1952ರಲ್ಲಿ ‘ಪತ್ತೇದಾರ ಪುರುಷೋತ್ತಮ’ ಬರೆದರು. ಆಮೇಲೆ ಅವರ ಲೇಖನಿಯಿಂದ ನೂರಾರು ಕಾದಂಬರಿಗಳು ಹೊರಟವು. ಪುರುಷೋತ್ತಮನ ಜೊತೆಗೆ ಮಧುಸೂದನ, ಅರಿಂಜಯ ಎಂಬ ಪತ್ತೇದಾರರೂ ಹುಟ್ಟಿಕೊಂಡರು. ಟಿ.ಕೆ. ರಾಮರಾವ್, ಸುದರ್ಶನ ದೇಸಾಯಿ, ಜಿಂದೆ ನಂಜುಂಡಸ್ವಾಮಿ ಅವರ ಪುಸ್ತಕಗಳೂ ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ದಾರಕ್ಕೆ ಜೋತುಬಿದ್ದಿರುತ್ತಿದ್ದವು. ದಿನಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಗಳಲ್ಲಿ ಮೊದಲು ಹರಿದು ಹೋಗುತ್ತಿದ್ದ ರಟ್ಟು ಇವುಗಳದೇ. ವಿಮರ್ಶಕರು ಈ ಪುಸ್ತಕಗಳನ್ನು ಹತ್ತಿರ ಸೇರಿಸಲಿಲ್ಲ. ಆದರೆ ಶಾಲೆ ಬಿಟ್ಟವರನ್ನು ಅಕ್ಷರದ ಜೊತೆ ಉಳಿಸಿದ್ದು ಇವೇ. ಕನ್ನಡದ ಓದಿನ ಚರಿತ್ರೆ ಬರೆಯುವವರು ನರಸಿಂಹಯ್ಯನವರಿಗೆ ಒಂದು ಇಡೀ ಅಧ್ಯಾಯವನ್ನೇ ಕೊಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅವರು 2011ರಲ್ಲಿ ತೀರಿಕೊಂಡರು.

ಪುಸ್ತಕದಲ್ಲಿ ಅಷ್ಟು ದೀರ್ಘಾಯುಷಿಯಾದ ಪತ್ತೇದಾರ ಟಿವಿಯಲ್ಲಿ ಮಾತ್ರ ಅಲ್ಪಾಯುಷಿ. ಕಾರಣದ ಅರ್ಧ ಪಾಲು ದೂರದರ್ಶನದ ಲೆಕ್ಕದಲ್ಲಿತ್ತು. ಆಗ ಧಾರಾವಾಹಿಗಳಿಗೆ ಮಂಜೂರಾತಿ ಸಿಗುತ್ತಿದ್ದದ್ದು ಹದಿಮೂರು ವಾರಗಳ ಮಾಪಿನಲ್ಲಿ. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ನ ಮೊದಲ 39 ಕಂತುಗಳನ್ನು ಎಣಿಸಿದರೆ ಮೂರು ಹದಿಮೂರು. ಈ ಮಾಪು ಬರೆಯುವವರನ್ನು ಬಿಗಿಯಾಗಿ ಹಿಡಿದಿತ್ತು. ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿರುವವನಿಗೆ ಎಲ್ಲಿ ಶುರುಮಾಡಬೇಕೆಂಬುದೂ ಗೊತ್ತಾಗುತ್ತದೆ. 1986ರಲ್ಲಿ ಸತ್ಯಜಿತ್ ರಾಯ್ ಅವರ ಪತ್ತೇದಾರ ಫೆಲೂದಾ ‘ಕಿಸ್ಸಾ ಕಾಠ್ಮಂಡು ಕಾ’ದಲ್ಲಿ ಶಶಿ ಕಪೂರ್ ರೂಪದಲ್ಲಿ ಬಂದು ಹೋದ. 1993ರಲ್ಲಿ ಬಾಸು ಚಟರ್ಜಿ ಅವರ ‘ಬ್ಯೋಮಕೇಶ್ ಬಕ್ಷಿ’ ಬಂತು. ಪಂಚೆಯುಟ್ಟು, ತನ್ನನ್ನು ಪತ್ತೇದಾರ ಎಂದು ಕರೆದರೆ ಮುಖ ಸಿಂಡರಿಸಿ ‘ಸತ್ಯಾನ್ವೇಷಿ’ ಎಂದು ತಿದ್ದುವ ಆ ಮನುಷ್ಯನಾಗಿ ರಜಿತ್ ಕಪೂರ್ ಇಂದಿಗೂ ನೆನಪಿನಲ್ಲಿದ್ದಾರೆ. ಮರುವರ್ಷ ವಿಜಯ್ ಆನಂದ್ ಮತ್ತು ಸೌರಭ್ ಶುಕ್ಲಾ ಅವರ ‘ತೆಹಕೀಕಾತ್’. ಎಲ್ಲವೂ ಚಿಕ್ಕವು, ಯಾವುದೂ ಅಳಿಸಿಲ್ಲ.

ಕಾರಣದ ಇನ್ನರ್ಧ ಈ ಕಥೆಗಳ ಸ್ವಭಾವದಲ್ಲೇ ಇದೆ. ಪತ್ತೇದಾರಿ ಕಥೆ ಮುಗಿಯಲೇಬೇಕು. ಕಳ್ಳ ಸಿಗದಿದ್ದರೆ ಅದು ಕಥೆಯಾಗುವುದಿಲ್ಲ. ಖಾಸಗಿ ವಾಹಿನಿಗಳು ಬಂದ ಮೇಲೆ ಧಾರಾವಾಹಿಯ ಲೆಕ್ಕ ತಿರುವುಮುರುವಾಯಿತು. ಉದಯ ಟಿವಿ ಶುರುವಾದದ್ದು 1994ರಲ್ಲಿ. ಆಮೇಲಿನ ವರ್ಷಗಳಲ್ಲಿ ವಾರಕ್ಕೆ ಐದಾರು ದಿನ ಬರುವ ಮೆಗಾ ಧಾರಾವಾಹಿಯೇ ನಿಯಮವಾಯಿತು. ಅದಕ್ಕೆ ಬೇಕಾದದ್ದು ಉತ್ತರ ಸಿಗದ ಪ್ರಶ್ನೆ. ಒಂದು ಮನೆಯ ಸೆಟ್ ಹಾಕಿದ ಖರ್ಚು ಸಾವಿರ ಕಂತುಗಳ ಮೇಲೆ ಹಂಚಿಹೋದರೆ ಲಾಭ, ಹದಿಮೂರಕ್ಕೇ ನಿಂತರೆ ನಷ್ಟ. ಪತ್ತೇದಾರನೋ ದಿನಕ್ಕೊಂದು ಹೊಸ ಜಾಗ ಕೇಳುತ್ತಾನೆ, ಹೊಸ ಮುಖಗಳನ್ನು ಕೇಳುತ್ತಾನೆ, ಎಲ್ಲಕ್ಕಿಂತ ದುಬಾರಿಯಾದ ಹೊಸ ಯೋಚನೆಯನ್ನು ಕೇಳುತ್ತಾನೆ. ಕನ್ನಡದಲ್ಲಿ ಪ್ರಯತ್ನ ನಡೆಯಲೇ ಇಲ್ಲ ಎನ್ನಲಾಗದು. ಜೀ ಕನ್ನಡದಲ್ಲಿ ‘ಪತ್ತೇದಾರಿ ಪ್ರತಿಭಾ’ ಎಂಬ ಧಾರಾವಾಹಿ ಬಂದಿತ್ತು, ಹೆಸರಿನಲ್ಲೇ ಹೆಣ್ಣೊಬ್ಬಳನ್ನು ಇಟ್ಟುಕೊಂಡು. ಆದರೂ ಆ ದಾರಿಯಲ್ಲಿ ಹಿಂದೆ ಬಂದವರು ಹೆಚ್ಚಿಲ್ಲ.

ಹೆಣ್ಣಿನ ಮಾತು ಬಂದದ್ದರಿಂದ ಕರಮ್‌ಚಂದ್‌ನ ಬಗ್ಗೆ ನನಗಿರುವ ಒಂದು ತಕರಾರನ್ನೂ ಹೇಳಬೇಕು. ಅವನಿಗೊಬ್ಬಳು ಸಹಾಯಕಿಯಿದ್ದಳು, ಕಿಟ್ಟಿ. ಸುಶ್ಮಿತಾ ಮುಖರ್ಜಿ ಆ ಪಾತ್ರ ಮಾಡಿದ್ದರು. ಅವಳು ‘ಸರ್, ಯು ಆರ್ ಎ ಜೀನಿಯಸ್’ ಎನ್ನುವಳು, ಅವನು ‘ಶಟಪ್ ಕಿಟ್ಟಿ’ ಎನ್ನುವನು. ದೇಶವೇ ನಕ್ಕಿತು, ಶಾಲೆಯ ಅಂಗಳದಲ್ಲಿ ಮಕ್ಕಳೂ ಅದನ್ನೇ ಹೇಳಿಕೊಂಡು ಓಡಾಡಿದರು. ಬಾಯಿ ಮುಚ್ಚಿಸಿಕೊಳ್ಳುವುದಕ್ಕೆಂದೇ ಒಬ್ಬ ಹೆಣ್ಣುಮಗಳನ್ನು ಕಚೇರಿಯಲ್ಲಿ ಕೂರಿಸಿದ್ದರು. ಕಿಟ್ಟಿಯೇ ಪ್ರಶ್ನೆ ಕೇಳಲು ಹೊರಟಿದ್ದರೆ ಕೆಲವು ಕೇಸುಗಳು ಮೊದಲ ಹತ್ತು ನಿಮಿಷದಲ್ಲೇ ಬಗೆಹರಿಯುತ್ತಿದ್ದವು. ಗಂಡಸು ಜಗುಲಿಯವರೆಗೆ ಹೋಗಬಲ್ಲ. ಅಡುಗೆಮನೆಯವರೆಗೆ ಹೋಗಬಲ್ಲವಳು ಅವಳು.

ಇದನ್ನು ಅರಿತು ಮಾಡಿದ ಧಾರಾವಾಹಿಯೊಂದರ ಕಥೆ ಬೋಟ್ಸ್ವಾನಾದಲ್ಲಿ ನಡೆಯುತ್ತದೆ. ಅಲೆಕ್ಸಾಂಡರ್ ಮೆಕಾಲ್ ಸ್ಮಿತ್ ಎಂಬ ಕಾನೂನು ಪ್ರಾಧ್ಯಾಪಕರು 1998ರಲ್ಲಿ ಬರೆದ ‘ದಿ ನಂಬರ್ ಒನ್ ಲೇಡೀಸ್ ಡಿಟೆಕ್ಟಿವ್ ಏಜೆನ್ಸಿ’ ಅದರ ಮೂಲ. ಪ್ರೆಷಸ್ ರಾಮೋಟ್ಸ್ವೆ ದಪ್ಪ ಮೈಯ, ನಿಧಾನ ನಡೆಯ ಹೆಂಗಸು. ಅಪ್ಪ ದಕ್ಷಿಣ ಆಫ್ರಿಕಾದ ಗಣಿಗಳಲ್ಲಿ ದುಡಿದು, ಉಳಿಸಿದ ಹಣದಲ್ಲಿ ದನ ಕಟ್ಟಿದವನು. ಅವನು ಸತ್ತ ಮೇಲೆ ಮಗಳು ಆ ದನಗಳನ್ನು ಮಾರಿ, ರಾಜಧಾನಿ ಗಾಬರೋನ್‌ನಲ್ಲಿ ಪತ್ತೇದಾರಿ ಕಚೇರಿಯ ಬೋರ್ಡು ಹಾಕುತ್ತಾಳೆ. ಪಿಸ್ತೂಲಿಲ್ಲ. ಒಂದು ಪುಟ್ಟ ಬಿಳಿ ವ್ಯಾನು, ಕೆಂಪು ಚಹಾದ ಕೆಟಲ್ಲು, ಕಾರ್ಯದರ್ಶಿ ಪರೀಕ್ಷೆಯಲ್ಲಿ ನೂರಕ್ಕೆ 97 ಅಂಕ ತೆಗೆದದ್ದನ್ನು ಎಲ್ಲರಿಗೂ ನೆನಪಿಸುವ ಗ್ರೇಸ್ ಮಕೂಟ್ಸಿ, ಇಷ್ಟೇ ಬಂಡವಾಳ. ಅವಳ ಮುಂದೆ ಬರುವ ಸಂಗತಿಗಳೂ ಹಾಗೇ: ಮನೆಬಿಟ್ಟ ಗಂಡ, ಮನೆಯ ಅಪ್ಪನೇ ತಾನೆಂದು ಬಂದು ಕೂತ ಅಪರಿಚಿತ, ಕಾಣೆಯಾದ ಹುಡುಗ.

ಆಂಥನಿ ಮಿಂಗೆಲ್ಲಾ ಅದರ ಮೊದಲ ದೀರ್ಘ ಕಂತನ್ನು ಬೋಟ್ಸ್ವಾನಾದಲ್ಲೇ ಚಿತ್ರಿಸಿದರು. ಅಮೆರಿಕದ ಗಾಯಕಿ ಜಿಲ್ ಸ್ಕಾಟ್ ರಾಮೋಟ್ಸ್ವೆ ಆದರು, ಅನಿಕಾ ನೋನಿ ರೋಸ್ ಮಕೂಟ್ಸಿಯಾದರು. ಬಿಬಿಸಿ ಅದನ್ನು ಪ್ರಸಾರ ಮಾಡಿದ್ದು 2008ರ ಮಾರ್ಚ್ 23ರಂದು. ಅದಕ್ಕೆ ಐದು ದಿನ ಮೊದಲು, ಮಾರ್ಚ್ 18ರಂದು, ಮಿಂಗೆಲ್ಲಾ ತೀರಿಕೊಂಡಿದ್ದರು. ಮರುವರ್ಷ ಇನ್ನು ಆರು ಕಂತು ಬಂದವು. ಒಟ್ಟು ಏಳು, ಅಲ್ಲಿಗೆ ನಿಂತಿತು. ಪುಸ್ತಕಗಳು ಮಾತ್ರ ನಿಲ್ಲದೆ ಇಪ್ಪತ್ತನ್ನು ದಾಟಿದವು.

ಆ ಏಳು ಕಂತುಗಳನ್ನು ನೋಡುವಾಗಲೆಲ್ಲ ನನ್ನ ಮನಸ್ಸು ಹೋಗುವುದು ನಂಜನಗೂಡಿನ ಪಶ್ಚಿಮಕ್ಕೆ, ಕಪಿಲೆಯ ದಡದ ಹುಲ್ಲಹಳ್ಳಿಯ ಕಡೆಗೆ. ದನ ಮಾರಿ ಬದುಕು ಕಟ್ಟುವ ಮಾತು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹಳೆಯ ಅಣೆಕಟ್ಟು, ಅದರ ನಾಲೆ, ನಾಲೆಯ ಕೆಳಗಿನ ಭತ್ತದ ಬಯಲು, ಎಚ್.ಡಿ. ಕೋಟೆ ಕಡೆ ಸಾಗುವ ರಸ್ತೆ, ಹೋಬಳಿ ಕೇಂದ್ರಕ್ಕೆ ಕಾಗದ ಹಿಡಿದು ಬರುವ ಸುತ್ತಲಿನ ಹಳ್ಳಿಗಳ ಜನ. ಪತ್ತೇದಾರಿಗೆ ಬೇಕಾದದ್ದೆಲ್ಲ ಇಂಥ ಊರಿನಲ್ಲಿ ಇದೆ. ಹೆಣ್ಣು ಕೊಡುವ ಮೊದಲು ‘ಆ ಮನೆ ಕಡೆ ಒಸಿ ಇಚಾರ್ಸಕ್ಕಾ’ ಎಂದು ಹೇಳಿ ಕಳಿಸುವುದು ಪತ್ತೇದಾರಿಕೆಯೇ ತಾನೆ? ಪೌತಿ ಖಾತೆಯಲ್ಲಿ ತಂಗಿಯ ಹೆಸರು ಬಿಟ್ಟುಹೋದದ್ದು ಹೇಗೆ, ಸಂಘದ ಪುಸ್ತಕದಲ್ಲಿ ಕಂತು ಕಟ್ಟಿದ್ದರೂ ಬ್ಯಾಂಕಿನಲ್ಲಿ ಬಾಕಿ ತೋರಿಸುತ್ತಿರುವುದು ಯಾಕೆ, ಅಡವಿಟ್ಟ ಓಲೆ ಯಾರ ಕಿವಿಯಲ್ಲಿದೆ? ಇವೆಲ್ಲ ಹೆಂಗಸರು ಹೆಂಗಸರಿಗೇ ಹೇಳಿಕೊಳ್ಳುವ ಸಂಗತಿಗಳು. ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವ, ಬಾಣಂತಿಯರ ಮನೆಮನೆ ತಿರುಗಿದ ನಡುವಯಸ್ಸಿನ ಅಕ್ಕನೊಬ್ಬಳಿಗೆ ಗೊತ್ತಿರುವಷ್ಟು ಯಾವ ಠಾಣೆಗೂ ಗೊತ್ತಿರುವುದಿಲ್ಲ.

ನಂಬಲಾಗದ ಕೆಲಸಕ್ಕೆ ಬೋರ್ಡು ಹಾಕಿದ ಹೆಣ್ಣು ಈ ತಾಲ್ಲೂಕಿಗೆ ಹೊಸದಲ್ಲ. ಬಾಲ್ಯದಲ್ಲೇ ವಿಧವೆಯಾದ ನಂಜನಗೂಡು ತಿರುಮಲಾಂಬ 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆ ಆರಂಭಿಸಿ, ತಾವೇ ಬರೆದು ತಾವೇ ಪ್ರಕಟಿಸಿದರು. ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನೂ ನಡೆಸಿದರು. ಮನೆಯೊಳಗಿನ ಹೆಣ್ಣುಮಕ್ಕಳು ಏನನ್ನು ಕಾಣುತ್ತಾರೆ, ಏನನ್ನು ಹೇಳದೆ ಉಳಿಸಿಕೊಳ್ಳುತ್ತಾರೆ ಎಂಬುದು ಕನ್ನಡ ಗದ್ಯದೊಳಗೆ ಬಂದದ್ದರಲ್ಲಿ ಅವರ ಪಾಲು ದೊಡ್ಡದು.

ಇಂಥ ಅಕ್ಕನೊಬ್ಬಳು ಪತ್ತೇದಾರಿ ಕಚೇರಿ ತೆರೆಯಲು ಕಾನೂನಿನ ಅಡ್ಡಿ ಇದೆಯೇ ಎಂದು ಕೇಳಬಹುದು. ಖಾಸಗಿ ಭದ್ರತಾ ಏಜೆನ್ಸಿಗಳಿಗೆ 2005ರ ಕಾಯ್ದೆಯಿದೆ, ಪರವಾನಗಿ ಬೇಕು. ಖಾಸಗಿ ಪತ್ತೇದಾರರಿಗಾಗಿ 2007ರಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾದ ಮಸೂದೆ ಕಾಯ್ದೆಯಾಗಲೇ ಇಲ್ಲ. ಗೇಟು ಕಾಯುವವನ ಸಂಸ್ಥೆಗೆ ಲೈಸೆನ್ಸು, ಇನ್ನೊಬ್ಬರ ಗುಟ್ಟು ಹುಡುಕುವವನಿಗೆ ಬೋರ್ಡೊಂದೇ ಸಾಕು. ನಿಜ ಜೀವನದಲ್ಲಿ ಇದು ಕಳವಳದ ವಿಷಯ, ಬೇಗ ಸರಿಯಾಗಬೇಕು. ಕಥೆಗಾರನಿಗೆ ಮಾತ್ರ ಇದರಲ್ಲೂ ಒಂದು ಕಂತು ಸಿಗುತ್ತದೆ.

2007ರಲ್ಲಿ ಪಂಕಜ್ ಕಪೂರ್ ಅವರೇ ಮತ್ತೆ ಕರಮ್‌ಚಂದ್ ಆಗಿ ಸೋನಿ ವಾಹಿನಿಗೆ ಬಂದರು, ಸುಚೇತಾ ಖನ್ನಾ ಕಿಟ್ಟಿಯಾದರು. ಅದೂ ಬಾಳಲಿಲ್ಲ. ಹಳೆಯ ಕ್ಯಾರೆಟ್ಟನ್ನೇ ಮತ್ತೆ ಕಚ್ಚಿದರೆ ಹಳೆಯ ರುಚಿ ಬಾರದು ಎಂಬುದು ಅದರಿಂದ ತಿಳಿಯಿತು. ಕನ್ನಡದಲ್ಲಿ 2019ರ ‘ಬೆಲ್ ಬಾಟಂ’ ಬೇರೆ ದಾರಿ ಹಿಡಿಯಿತು. ಜಯತೀರ್ಥ ನಿರ್ದೇಶನದ ಆ ಚಿತ್ರದಲ್ಲಿ ರಿಷಬ್ ಶೆಟ್ಟಿಯವರ ದಿವಾಕರ ಪತ್ತೇದಾರಿ ಪುಸ್ತಕ ಓದಿಕೊಂಡೇ ಬೆಳೆದ ಪೇದೆ. ಬಸ್‌ಸ್ಟ್ಯಾಂಡಿನ ದಾರಕ್ಕೆ ಜೋತುಬಿದ್ದಿದ್ದ ಆ ಪುಸ್ತಕಗಳಿಗೆ ಸಂದ ಗೌರವ ಅದು. ಜನ ಕೈಹಿಡಿದರು. ಪತ್ತೇದಾರನ ಮೇಲಿನ ಪ್ರೀತಿ ಆರಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈಗ ಮೊಬೈಲಿನಲ್ಲಿ ನೋಡುವವರಿಗೆಂದು ಎಂಟು ಹತ್ತು ಕಂತಿನ ಕಥೆಗಳು ಮರಳಿ ಬಂದಿವೆ, ಹಳೆಯ ಹದಿಮೂರರ ಮಾಪು ಬೇರೆ ಬಾಗಿಲಿನಿಂದ ಒಳಗೆ ಕಾಲಿಟ್ಟಿದೆ. ಕನ್ನಡದಲ್ಲಿ ಯಾರಾದರೂ ಕೈಹಾಕುವುದಿದ್ದರೆ ಮೊದಲ ಕಂತಿಗೆ ಕೊಲೆ ಬೇಡ ಎಂಬುದು ನನ್ನ ಕೋರಿಕೆ. ನಾಲೆಯ ಕೊನೆಯ ಗದ್ದೆಗೆ ಮೂರು ವಾರದಿಂದ ನೀರು ಬಂದಿಲ್ಲ. ನೀರುಗಂಟಿ ಬಿಟ್ಟಿದ್ದೇನೆ ಎನ್ನುತ್ತಾನೆ, ದಾಖಲೆಯೂ ಹಾಗೇ ಹೇಳುತ್ತದೆ, ಪೈರು ಮಾತ್ರ ಒಣಗುತ್ತಿದೆ. ಗದ್ದೆಯ ಒಡತಿ ಬಂದು, ಸಂಘದ ಲೆಕ್ಕ ಬರೆಯುವ ಆ ಅಕ್ಕನ ಜಗುಲಿಯ ಮೇಲೆ ಕೂರುತ್ತಾಳೆ. ರಾತ್ರಿ ತೂಬು ಮುಚ್ಚುತ್ತಿರುವವರು ಯಾರು ಎಂಬಲ್ಲಿಂದ ಶುರುವಾಗಲಿ.