ಶಾಲೆ ಮತ್ತು ಪಂಚಾಯತಿ ಅಂಗಳಗಳಲ್ಲಿ ಕ್ಲೋವರ್ ಹಾಗೂ ಅದರ ಬಂಧು ಸಸ್ಯಗಳು: ನೀರಿನ ಲೆಕ್ಕ ಮತ್ತು ಬೆಳೆಸುವ ಕ್ರಮ

ಐಹೊಳೆ, ಪಟ್ಟದಕಲ್ಲುಗಳ ದೇವಾಲಯಗಳ ಸುತ್ತಲಿನ ಹಸಿರು ಹುಲ್ಲುಹಾಸನ್ನು ಕಂಡವರಿಗೆ ತಮ್ಮ ಊರಿನ ಶಾಲೆಯ ಮುಂದೆಯೂ ಅಂಥದೊಂದು ಹಾಸು ಇರಬೇಕೆಂಬ ಆಸೆ ಮೂಡುವುದು ಸಹಜ. ಇತ್ತೀಚೆಗೆ ಈ ಆಸೆಗೆ ಕ್ಲೋವರ್ ಎಂಬ ಹೆಸರೂ ಸೇರಿಕೊಂಡಿದೆ. ಗೊಬ್ಬರ ಬೇಡ, ಕತ್ತರಿಸುವ ಶ್ರಮವಿಲ್ಲ, ಸದಾ ಹಸಿರು ಎಂಬ ವಿವರಣೆಯೊಂದಿಗೆ ಇದರ ಬೀಜ ಮಾರಾಟವಾಗುತ್ತಿದೆ. ಈ ವಿವರಣೆ ಹುಟ್ಟಿದ್ದು ತಂಪು ದೇಶಗಳಲ್ಲಿ. ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ಲ ತಾಲ್ಲೂಕುಗಳ ಹವೆಗೆ ಅದು ಎಷ್ಟರಮಟ್ಟಿಗೆ ಹೊಂದುತ್ತದೆ, ಹೊಂದದಿದ್ದಲ್ಲಿ ಅದರ ಸ್ಥಾನದಲ್ಲಿ ಏನನ್ನು ಬೆಳೆಸಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಕ್ಲೋವರ್ ಎಂದರೇನು?

ಕ್ಲೋವರ್ ಹುಲ್ಲಲ್ಲ. ಅದು ತೊಗರಿ, ಕಡಲೆ, ಶೇಂಗಾಗಳ ಕುಲಕ್ಕೆ ಸೇರಿದ ದ್ವಿದಳ ಸಸ್ಯ. ಪ್ರತಿ ಎಲೆಯಲ್ಲಿ ಮೂರು ಎಸಳುಗಳಿರುತ್ತವೆ. ಬೇರಿನ ಗಂಟುಗಳಲ್ಲಿ ವಾಸಿಸುವ ರೈಜೋಬಿಯಂ ಸೂಕ್ಷ್ಮಾಣುಗಳು ಗಾಳಿಯ ಸಾರಜನಕವನ್ನು ಸಸ್ಯಕ್ಕೆ ಬೇಕಾದ ರೂಪಕ್ಕೆ ತರುತ್ತವೆ. ಆದ್ದರಿಂದಲೇ ಇಂಥ ಸಸ್ಯಗಳಿಗೆ ಯೂರಿಯಾದ ಅಗತ್ಯ ಬಹಳ ಕಡಿಮೆ.

ನಮ್ಮ ತೋಟಗಳ ತೇವದ ಮೂಲೆಗಳಲ್ಲಿ ತಾನಾಗಿ ಹಬ್ಬುವ ಪುಲ್ಲಂಪುರಚಿಯನ್ನು ಹಲವರು ಕ್ಲೋವರ್ ಎಂದು ಭಾವಿಸುತ್ತಾರೆ. ಪುಲ್ಲಂಪುರಚಿಯ ಎಸಳು ಹೃದಯಾಕಾರದ್ದು, ರುಚಿ ಹುಳಿ, ಹೂವು ಹಳದಿ. ಅದು ದ್ವಿದಳ ಜಾತಿಯದಲ್ಲ; ಅದರ ಬೇರಿನಲ್ಲಿ ಸಾರಜನಕದ ಗಂಟುಗಳೂ ಇರುವುದಿಲ್ಲ.

ಬಿಳಿ ಕ್ಲೋವರ್ ಇಲ್ಲಿ ಏಕೆ ನಿಲ್ಲದು?

ಹುಲ್ಲುಹಾಸಿಗೆ ಬಳಸುವ ಬಿಳಿ ಕ್ಲೋವರ್ ನೆಲದ ಮೇಲೆ ತೆವಳುತ್ತ ಹಬ್ಬುತ್ತದೆ. ಅದರ ಬೇರು ಹೆಚ್ಚು ಆಳಕ್ಕೆ ಇಳಿಯುವುದಿಲ್ಲ. ತಂಪು ಹವೆ ಮತ್ತು ನಿರಂತರ ತೇವ ಅದರ ಮುಖ್ಯ ಅಗತ್ಯಗಳು. ಹಿಮಾಲಯದ ತಪ್ಪಲು, ಉದಕಮಂಡಲದಂಥ ಎತ್ತರದ ಪ್ರದೇಶಗಳಲ್ಲಿ ಅದು ಬೆಳೆಯಲು ಕಾರಣ ಇದೇ. ಏಪ್ರಿಲ್–ಮೇ ತಿಂಗಳುಗಳಲ್ಲಿ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ತಲುಪುವ ನಮ್ಮ ಬಯಲಿನಲ್ಲಿ, ಚಳಿಗಾಲದಲ್ಲಿ ಮೊಳೆತ ಸಸಿಗಳು ಬೇಸಿಗೆಯ ಆರಂಭದಲ್ಲಿಯೇ ಸೊರಗುತ್ತವೆ.

ಕ್ಲೋವರ್ ಗುಂಪಿನ ಮತ್ತೊಂದು ಸಸ್ಯ ಬರ್ಸೀಮ್. ಪಂಜಾಬ್, ಹರಿಯಾಣಗಳಲ್ಲಿ ಚಳಿಗಾಲದ ಮೇವಾಗಿ ಇದು ಪ್ರಸಿದ್ಧ. ಇದಕ್ಕೂ ದೀರ್ಘ ಚಳಿ ಮತ್ತು ಮೇಲಿಂದ ಮೇಲೆ ನೀರು ಬೇಕು. ಬಿಸಿಲು ಏರಿದೊಡನೆ ಇದರ ಆಯುಷ್ಯ ಮುಗಿಯುತ್ತದೆ.

ಹಾಸಿನ ನೀರಿನ ಲೆಕ್ಕ

ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಒಂದು ಲೀಟರ್. ಬೇಸಿಗೆಯಲ್ಲಿ ಹಸಿರು ಹಾಸನ್ನು ಉಳಿಸಿಕೊಳ್ಳಲು ದಿನಕ್ಕೆ 5 ಮಿಲಿಮೀಟರ್ ನೀರು ಎಂದು ಹಿಡಿದರೆ, 10 ಮೀಟರ್ ಉದ್ದ, 10 ಮೀಟರ್ ಅಗಲದ ಅಂಗಳಕ್ಕೆ ದಿನವೊಂದಕ್ಕೆ 500 ಲೀಟರ್ ಆಗುತ್ತದೆ. ಜಲ ಜೀವನ್ ಮಿಷನ್ ಅಡಿಯಲ್ಲಿ ಗ್ರಾಮೀಣ ಪ್ರದೇಶದ ಒಬ್ಬ ವ್ಯಕ್ತಿಗೆ ದಿನಕ್ಕೆ ನಿಗದಿಪಡಿಸಿದ ಪ್ರಮಾಣ 55 ಲೀಟರ್. ಅಂದರೆ ಆ ಚಿಕ್ಕ ಹಾಸು ಒಂಬತ್ತು ಜನರ ನೀರನ್ನು ಕುಡಿಯುತ್ತದೆ. ಮಾರ್ಚ್‌ನಿಂದ ಮೇವರೆಗಿನ ಸುಮಾರು 90 ದಿನಗಳಿಗೆ ಇದು 45,000 ಲೀಟರ್, ಎಂದರೆ 5,000 ಲೀಟರಿನ ಒಂಬತ್ತು ಟ್ಯಾಂಕರ್.

ಕೊಳವೆಬಾವಿ ಕೈಕೊಟ್ಟು ಓಣಿಗಳಿಗೆ ಟ್ಯಾಂಕರ್ ಕಳುಹಿಸುವ ತಿಂಗಳುಗಳೂ ಇವೇ. ಕೊಡ ಹಿಡಿದು ನಿಂತವರ ಎದುರಿಗೆ ಪಂಚಾಯತಿಯ ಹಾಸಿಗೆ ನೀರು ಹಾಯಿಸುವುದು ಯಾವ ದೃಷ್ಟಿಯಿಂದಲೂ ಸರಿಯೆನಿಸದು. ಆದ್ದರಿಂದ ಯಾವ ಗಿಡ ಅಂದವಾಗಿದೆ ಎಂಬುದಕ್ಕಿಂತ ಮೊದಲು, ನೀರಿಲ್ಲದ ತಿಂಗಳಲ್ಲಿ ಯಾವುದು ಬದುಕುತ್ತದೆ ಎಂಬುದನ್ನು ಕೇಳಬೇಕು.

ಈ ನೆಲಕ್ಕೆ ಹೊಂದುವ ಸಸ್ಯಗಳು

ಗರಿಕೆ: ಮಕ್ಕಳು ಓಡಾಡುವ, ಪ್ರಾರ್ಥನೆಗೆ ನಿಲ್ಲುವ ಜಾಗಕ್ಕೆ ಸ್ಥಳೀಯ ಗರಿಕೆಯೇ ಉತ್ತಮ. ಬೇಸಿಗೆಯಲ್ಲಿ ಅದು ಒಣಗಿ ಕಂದು ಬಣ್ಣಕ್ಕೆ ತಿರುಗಿದರೂ ನೆಲದೊಳಗಿನ ಕಾಂಡ ಜೀವಂತವಾಗಿದ್ದು, ಮೊದಲ ಮಳೆಗೆ ಮತ್ತೆ ಚಿಗುರುತ್ತದೆ. ಕಂದು ಬಣ್ಣ ಕಂಡೊಡನೆ ಕಿತ್ತುಹಾಕಬಾರದು.

ಸ್ಟೈಲೋ: ಬಾದಾಮಿ ಸುತ್ತಲಿನ ಮಸಾರಿ ಹಾಗೂ ಮರಳು ಮಿಶ್ರಿತ ನೆಲಕ್ಕೆ, ಮಳೆಯಾಶ್ರಯದಲ್ಲಿಯೇ ಹಬ್ಬುವ ದ್ವಿದಳ ಮೇವು ಇದು. ಕ್ಲೋವರ್‌ನಂತೆಯೇ ಮೂರೆಸಳಿನ ಎಲೆ, ಹಳದಿ ಹೂವು. ಅಂಗಳದ ಅಂಚು, ಇಳಿಜಾರು, ಬದುಗಳ ಮೇಲೆ ಬೆಳೆಸಿದರೆ ಮಣ್ಣು ಕೊಚ್ಚಿಹೋಗುವುದನ್ನು ತಡೆಯುತ್ತದೆ. ಬೀಜದ ಹೊರಪದರ ಗಟ್ಟಿ. ಆದ್ದರಿಂದ ಸುಮಾರು 80 ಡಿಗ್ರಿ ಬಿಸಿನೀರಿನಲ್ಲಿ 4 ನಿಮಿಷ ಅದ್ದಿ, ಬಳಿಕ ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿ ಬಿತ್ತಬೇಕು. ಹೆಕ್ಟೇರಿಗೆ 10 ಕಿಲೋ ಪ್ರಮಾಣದಂತೆ 100 ಚದರ ಮೀಟರಿಗೆ 100 ಗ್ರಾಂ ಬೀಜ ಸಾಕು. ಮೃಗಶಿರಾ, ಆರಿದ್ರಾ ಮಳೆಗಳಿಗೆ ನೆಲ ಹದವಾದಾಗ ಚೆಲ್ಲಿ, ಮೇಲೆ ತೆಳ್ಳಗೆ ಮಣ್ಣು ಎಳೆಯಬೇಕು. ಆಳಕ್ಕೆ ಬಿದ್ದ ಬೀಜ ಮೇಲೇಳದು. ಸುಮಾರು 75 ದಿನಗಳಿಗೆ, ಹೂ ಬಿಡುವ ಹಂತದಲ್ಲಿ ಮೊದಲ ಕೊಯ್ಲು ದೊರೆಯುತ್ತದೆ.

ಬೇಲಿ ಮೆಂತೆ: ಹೆಸರೇ ಹೇಳುವಂತೆ ಅಂಗಳದ ಸುತ್ತ ಸಾಲಾಗಿ ಬೆಳೆಸಲು ತಕ್ಕದ್ದು. ಸಾಲುಗಳ ನಡುವೆ 50 ಸೆಂಟಿಮೀಟರ್ ಅಂತರವಿರಲಿ. ಇದರ ಬೀಜಕ್ಕೂ ಬಿಸಿನೀರಿನ ಉಪಚಾರ ಬೇಕು. ಮೊದಲ ಕೊಯ್ಲು 90 ದಿನಗಳಿಗೆ, ನಂತರ ಸುಮಾರು 40 ದಿನಗಳಿಗೊಮ್ಮೆ.

ಕುದುರೆ ಮಸಾಲೆ (ಲೂಸರ್ನ್): ಕ್ಲೋವರ್‌ನ ಹತ್ತಿರದ ಬಂಧು, ಆಳಕ್ಕಿಳಿಯುವ ತಾಯಿಬೇರಿನಿಂದ ಬಿಸಿಲನ್ನು ತಾಳುತ್ತದೆ. ಹುನಗುಂದ, ಇಳಕಲ್ಲ ಭಾಗದ ಎರೆಭೂಮಿಯಲ್ಲಿ ಬೆಳೆಯಬಹುದಾದರೂ ನೀರು ನಿಂತರೆ ಬೇರು ಕೊಳೆಯುತ್ತದೆ, ಏರುಮಡಿ ಅಗತ್ಯ. ಸವಳು-ಜವಳಾದ ನೆಲಕ್ಕೆ ಇದು ಬೇಡ. ದಸರೆಯಿಂದ ದೀಪಾವಳಿಯವರೆಗಿನ ಅವಧಿ ಬಿತ್ತನೆಗೆ ಸೂಕ್ತ. ಹೆಕ್ಟೇರಿಗೆ 20 ಕಿಲೋ ಲೆಕ್ಕದಲ್ಲಿ 20 ಚದರ ಮೀಟರಿನ ಮಡಿಗೆ 40 ಗ್ರಾಂ ಬೀಜ ಸಾಕು. ಇದರ ರೈಜೋಬಿಯಂ ತಳಿಯೇ ಬೇರೆಯಾದುದರಿಂದ, ಮೊದಲ ಸಲ ಬಿತ್ತುವಾಗ ಕುದುರೆ ಮಸಾಲೆಗೆಂದೇ ತಯಾರಿಸಿದ ಜೀವಾಣು ಗೊಬ್ಬರವನ್ನು ಬೆಲ್ಲದ ನೀರಿನಲ್ಲಿ ಕಲಸಿ, ಬೀಜಕ್ಕೆ ಲೇಪಿಸಿ, ನೆರಳಿನಲ್ಲಿ ಆರಿಸಬೇಕು.

ಬಚ್ಚಲ ನೀರಿನ ಬಳಕೆ

ಕುದುರೆ ಮಸಾಲೆಗೆ ನೀರು ಬೇಕೇಬೇಕು. ಆದರೆ ಅದು ಕುಡಿಯುವ ನೀರಾಗಬೇಕಿಲ್ಲ. 20 ಚದರ ಮೀಟರ್ ಮಡಿಗೆ ಮೇಲಿನ ಲೆಕ್ಕದಂತೆ ದಿನಕ್ಕೆ 100 ಲೀಟರ್ ಸಾಕು. ಐದು ಜನರ ಮನೆಗೆ ದೊರೆಯುವ 275 ಲೀಟರಿನಲ್ಲಿ ಬಹುಭಾಗ ಸ್ನಾನ, ಬಟ್ಟೆ ಒಗೆಯುವುದರ ಮೂಲಕ ಚರಂಡಿ ಸೇರುತ್ತದೆ. ಆ ನೀರನ್ನು ಸಣ್ಣ ಗುಂಡಿಯಲ್ಲಿ ತಿಳಿಗೊಳಿಸಿ, ಎಲೆಗೆ ತಾಗದಂತೆ ಕಾಲುವೆಯಲ್ಲಿ ಹರಿಸಿದರೆ ಒಂದು ಮನೆಯ ಆಕಳಿಗೆ ಒಂದಿಷ್ಟು ಹಸಿಮೇವು ದೊರೆಯುತ್ತದೆ. ಓಣಿಯಲ್ಲಿ ಕೊಚ್ಚೆ ನಿಲ್ಲುವುದೂ ತಪ್ಪುತ್ತದೆ. ಶಾಲೆಗಳಲ್ಲಿ ಬಿಸಿಯೂಟದ ಬಳಿಕ ಕೈ ಮತ್ತು ತಟ್ಟೆ ತೊಳೆದ ನೀರನ್ನು ಹೀಗೆಯೇ ಬಳಸಬಹುದು.

ಶೌಚಾಲಯದ ನೀರನ್ನು ಎಂದಿಗೂ ಬಿಡಬಾರದು. ಇಳಕಲ್ಲ ಪರಿಸರದಲ್ಲಿ ನೂಲಿಗೆ ಬಣ್ಣ ಹಾಕಿದ ನೀರನ್ನೂ ಮೇವಿನ ಮಡಿಗೆ ಬಿಡಬಾರದು. ಮಣ್ಣಿನ ಮೇಲೆ ಬಿಳಿ ಪದರ ಕಂಡರೆ ಸಾಬೂನು ನೀರನ್ನು ನಿಲ್ಲಿಸಬೇಕು.

ನಿರ್ವಹಣೆ

ಮೊದಲ 45 ದಿನ ಕಳೆ ತೆಗೆಯುವುದು ಅನಿವಾರ್ಯ. ಕಾಂಗ್ರೆಸ್ ಕಸವನ್ನು ಹೂ ಬಿಡುವ ಮೊದಲೇ, ಕೈಚೀಲ ಧರಿಸಿ ಬೇರುಸಹಿತ ಕೀಳಬೇಕು. ಕುದುರೆ ಮಸಾಲೆಯ ಬೀಜದೊಂದಿಗೆ ಕಸ್ಕ್ಯೂಟ ಎಂಬ ಪರಾವಲಂಬಿ ಬಳ್ಳಿಯ ಬೀಜವೂ ಬರಬಹುದು. ಎಲೆಯಿಲ್ಲದ ಹಳದಿ ದಾರದಂತೆ ಅದು ಸುತ್ತಿಕೊಂಡಿದ್ದು ಕಂಡರೆ, ಆ ಭಾಗದ ಗಿಡಗಳನ್ನೂ ಕಿತ್ತು ಸುಡಬೇಕು. ಕೊಯ್ಲಿನಲ್ಲಿ ನೆಲಮಟ್ಟಕ್ಕೆ ಕತ್ತರಿಸದೆ ಬುಡದಲ್ಲಿ ನಾಲ್ಕು ಬೆರಳು ಎತ್ತರ ಬಿಡಬೇಕು. ಕುದುರೆ ಮಸಾಲೆಯ ಮೊದಲ ಕೊಯ್ಲು 60–75 ದಿನಗಳಿಗೆ, ಬಳಿಕ 25–30 ದಿನಗಳಿಗೊಮ್ಮೆ ಬರುತ್ತದೆ.

ಗಂಟುಗಳು ಕೆಲಸ ಮಾಡುತ್ತಿವೆಯೇ ಎಂಬುದನ್ನು ಶಾಲಾ ಮಕ್ಕಳೂ ಪರೀಕ್ಷಿಸಬಹುದು. ಒಂದು ಗಿಡವನ್ನು ಮಣ್ಣುಸಹಿತ ಅಗೆದು, ಬೇರು ತೊಳೆದು, ಗಂಟನ್ನು ಸೀಳಿ ನೋಡಬೇಕು. ಒಳಗೆ ನಸುಗೆಂಪು ಇದ್ದರೆ ಸಾರಜನಕ ಸೇರುತ್ತಿದೆ. ಹಸಿರು ಇಲ್ಲವೆ ಬಿಳಿಚಿಕೊಂಡಿದ್ದರೆ ಇಲ್ಲ.

ದನಗಳಿಗೆ ಕೊಡುವಾಗ ಎಚ್ಚರಿಕೆ

ಹಸಿದ ದನ ಮಂಜಿನಿಂದ ಒದ್ದೆಯಾದ ಎಳೆಯ ಕುದುರೆ ಮಸಾಲೆಯನ್ನು ಒಮ್ಮೆಲೇ ತಿಂದರೆ ಹೊಟ್ಟೆಯುಬ್ಬರ ಬಂದು ಕೆಲವೇ ಗಂಟೆಗಳಲ್ಲಿ ಸಾಯಬಹುದು. ಮೊದಲು ಒಣ ಕಣಿಕೆ ಹಾಕಿ, ಬಳಿಕ ಕೊಯ್ದು ಬಾಡಿಸಿದ ಸೊಪ್ಪನ್ನು ಕಣಿಕೆಯೊಡನೆ ಬೆರೆಸಿ, ಸ್ವಲ್ಪ ಸ್ವಲ್ಪವಾಗಿ ರೂಢಿಸಬೇಕು. ಎಡಹೊಟ್ಟೆ ಉಬ್ಬಿದ್ದು ಕಂಡಲ್ಲಿ ತಡಮಾಡದೆ ಪಶುವೈದ್ಯರನ್ನು ಕರೆಯಬೇಕು.

ಆರಂಭಿಸುವ ಮುನ್ನ

ಗ್ರಾಮ ಪಂಚಾಯತಿಗಳು, ಶಾಲಾಭಿವೃದ್ಧಿ ಸಮಿತಿಗಳು ಹಾಗೂ ಸ್ವಸಹಾಯ ಸಂಘಗಳು ಬೀಜ ಕೊಳ್ಳುವ ಮುನ್ನ ಮೂರು ಅಂಶಗಳನ್ನು ಬರೆದಿಟ್ಟುಕೊಳ್ಳುವುದು ಒಳಿತು: ಅಂಗಳದ ಅಳತೆ, ಮಣ್ಣಿನ ಬಗೆ, ಮೇ ತಿಂಗಳಲ್ಲಿ ನೀರು ಎಲ್ಲಿಂದ ಬರುವುದು ಎಂಬುದು. ಮೂರನೆಯದಕ್ಕೆ ಬಳಸಿದ ನೀರು ಎಂಬ ಉತ್ತರವಿದ್ದರೆ ಕುದುರೆ ಮಸಾಲೆಯ ಸಣ್ಣ ಮಡಿ. ಮಳೆ ಮಾತ್ರ ಎಂದಾದರೆ ಸ್ಟೈಲೋ, ಬೇಲಿ ಮೆಂತೆ, ಗರಿಕೆ. ಟ್ಯಾಂಕರ್ ಎಂದಾದರೆ ಯಾವ ಹಾಸೂ ಬೇಡ, ಆ ಜಾಗಕ್ಕೆ ಬೇವಿನ ಎರಡು ಸಸಿಗಳೇ ಸಾಕು. ಬೀಜ ಮತ್ತು ಜೀವಾಣು ಗೊಬ್ಬರದ ಲಭ್ಯತೆಯ ಬಗ್ಗೆ ಸಮೀಪದ ರೈತ ಸಂಪರ್ಕ ಕೇಂದ್ರ ಅಥವಾ ಪಶು ಚಿಕಿತ್ಸಾಲಯದಲ್ಲಿ ವಿಚಾರಿಸಬಹುದು. ಮೊದಲ ವರ್ಷ ಒಂದೇ ಮಡಿಯಲ್ಲಿ ಬೆಳೆದು ನೋಡಿ, ಬೇಸಿಗೆ ದಾಟಿದ ಗಿಡವನ್ನಷ್ಟೇ ಮುಂದಿನ ಮಳೆಗಾಲದಲ್ಲಿ ವಿಸ್ತರಿಸುವುದು ಸೂಕ್ತ.